ಕಾಯಿ ನಿಂತಿತು, ನೀರೂ ಬಂತು. ಹಾಗಾದರೆ ಭಾವನಿಗೆ ಗೊತ್ತಿತ್ತಾ?

ಪ್ರಶ್ನೆ: ನಮ್ಮದು ಚಿತ್ರದುರ್ಗ ಜಿಲ್ಲೆ, ನಾಲ್ಕು ಎಕರೆ ಅಡಿಕೆ ತೋಟ. ಹೋದ ಬೇಸಿಗೆಯಲ್ಲಿ ಹಳೇ ಬೋರು ಬತ್ತಿತು. ನಾನು ಡಿಪ್ಲೊಮಾ ಓದಿದವನು, ಮಷಿನ್ ಇಟ್ಟು ನೋಡುವ ಭೂವಿಜ್ಞಾನಿಯನ್ನು ಕರೆಸಿದೆ. ಅವರು ತೋರಿಸಿದ ಪಾಯಿಂಟ್‌ನಲ್ಲಿ 480 ಅಡಿ ಕೊರೆಸಿದರೂ ಬಂದದ್ದು ಬರೀ ಧೂಳು. ಆಮೇಲೆ ನಮ್ಮ ಭಾವ (ಅಕ್ಕನ ಗಂಡ) ತೆಂಗಿನಕಾಯಿ ಹಿಡಿದು ನೀರು ನೋಡುವವರೊಬ್ಬರನ್ನು ಕರೆತಂದರು. ತೋಟದ ಮೂಲೆಯಲ್ಲಿ ಅವರ ಅಂಗೈ ಮೇಲಿನ ಕಾಯಿ ಎದ್ದು ನಿಂತಿತು. ಅಲ್ಲೇ ಕೊರೆಸಿದೆವು, 520 ಅಡಿಗೆ ಎರಡೂವರೆ ಇಂಚು ನೀರು. ಅವತ್ತಿನಿಂದ ಭಾವ "ನೀರಿದೆ ಅಂತ ನಂಗೆ ಗೊತ್ತಿತ್ತು" ಅಂತ ಊರೆಲ್ಲ ಹೇಳುತ್ತಾರೆ. ಅದು ಗೊತ್ತಿರೋದಲ್ಲ, ನಂಬಿಕೆ ಅಂದೆ. "ನಿನ್ನ ಮಷಿನ್ನೂ ನಂಬಿಕೆನೇ ಕಣೋ. ಅದು ಸರಿ ಅಂತ ಯಾರು ಹೇಳಿದ್ರು? ಪುಸ್ತಕನಾ? ಪುಸ್ತಕ ಸರಿ ಅಂತ ಯಾರು ಹೇಳಿದ್ರು?" ಅಂತ ಕೇಳುತ್ತಾ ಹೋದರು. ನಾಲ್ಕನೇ ಪ್ರಶ್ನೆಗೆ ನನ್ನ ಬಾಯಿ ಕಟ್ಟಿತು. ಈಗ ಇನ್ನೊಂದು ಬೋರು ಹಾಕಿಸಬೇಕಿದೆ. ಭಾವನಿಗೆ ನಿಜವಾಗಿ ಗೊತ್ತಿತ್ತಾ? ಕೊನೆಗೆ ಎಲ್ಲವೂ ನಂಬಿಕೆಯೇ ಆದರೆ ಒಂದಕ್ಕಿಂತ ಇನ್ನೊಂದು ಹೇಗೆ ಮೇಲು? ನಾನು ಯಾರನ್ನು ಕರೆಸಲಿ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಾನು ನೀರು ನೋಡುವವನಲ್ಲ. ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟವನು. ಅದರಲ್ಲೂ ಜ್ಞಾನಮೀಮಾಂಸೆ, ಅಂದರೆ "ನನಗೆ ಗೊತ್ತು" ಅನ್ನುವ ಮಾತಿಗೆ ಏನೇನು ಆಧಾರ ಬೇಕು ಅನ್ನುವ ವಿಷಯ. ಪ್ರತಿ ವರ್ಷ ಒಬ್ಬ ಹುಡುಗನಾದರೂ ನಿಮ್ಮ ಭಾವ ಕೇಳಿದ್ದನ್ನೇ ಕೇಳುತ್ತಿದ್ದ, ಕೇಳಿ ಗೆದ್ದವನ ಹಾಗೆ ಹಿಂದಿನ ಬೆಂಚಿನವರ ಕಡೆ ತಿರುಗಿ ನೋಡುತ್ತಿದ್ದ. ಹಾಗಾಗಿ ಭಾವನ ಮೇಲೆ ನನಗೆ ಸಿಟ್ಟಿಲ್ಲ. ಅವರು ಎರಡು ಸಾವಿರ ವರ್ಷದ ಹಳೇ ಪ್ರಶ್ನೆಯನ್ನು ಯಾವ ಪುಸ್ತಕವನ್ನೂ ಓದದೆ ತಾವೇ ಹುಡುಕಿಕೊಂಡಿದ್ದಾರೆ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ನೀರು ಬಂದ ಮಾತ್ರಕ್ಕೆ ಅದು ಗೊತ್ತಿದ್ದಂತೆ ಆಯಿತಾ ಅನ್ನುವುದು ಒಂದು. ಕಾರಣಗಳ ಸರಪಳಿ ಎಲ್ಲೋ ಒಂದು ಕಡೆ ನಿಂತುಬಿಡುತ್ತದಲ್ಲ, ಆಗ ಮಷಿನ್ನೂ ಕಾಯಿಯೂ ಸಮವಾ ಅನ್ನುವುದು ಇನ್ನೊಂದು. ಮೂರನೆಯದು ದುಡ್ಡಿನದು. ನಾಲ್ಕನೆಯದೂ ಒಂದಿದೆ, ಅದನ್ನು ನೀವು ಬರೆದಿಲ್ಲ: 480 ಅಡಿ ಧೂಳು ನಿಮ್ಮನ್ನು ಇನ್ನೂ ಚುಚ್ಚುತ್ತಿದೆ. ಅಲ್ಲಿಂದಲೇ ಶುರು ಮಾಡೋಣ.

ಕನ್ನಡದಲ್ಲಿ "ತಪ್ಪು ಮಾಡಿದೆ" ಅನ್ನುವುದಕ್ಕೂ "ತಪ್ಪಾಯ್ತು" ಅನ್ನುವುದಕ್ಕೂ ವ್ಯತ್ಯಾಸ ಇದೆ. ನಿಮ್ಮದು ಎರಡನೆಯದು. ಮಷಿನ್ ಮಾಡುವ ಕೆಲಸ ಇಷ್ಟು: ನಾಲ್ಕು ಕಡ್ಡಿ ನೆಟ್ಟು, ಎರಡರಿಂದ ನೆಲಕ್ಕೆ ಕರೆಂಟು ಬಿಟ್ಟು, ಉಳಿದೆರಡರಲ್ಲಿ ವೋಲ್ಟೇಜ್ ಅಳೆದು, ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ ಲೆಕ್ಕ ಹಾಕುವುದು. ಒದ್ದೆಯಾದ, ಸೀಳು ಬಿಟ್ಟ ಕಲ್ಲು ಕಡಿಮೆ ತಡೆಯುತ್ತದೆ. ಆದರೆ ಜೇಡಿ ಮಣ್ಣೂ ಕಡಿಮೆಯೇ ತಡೆಯುತ್ತದೆ. ನಮ್ಮ ಕಡೆಯದು ಗಟ್ಟಿ ಕಲ್ಲಿನ ನೆಲ, ನೀರು ಇರುವುದು ಕಲ್ಲಿನ ಸೀಳುಗಳಲ್ಲಿ. ಐನೂರು ಅಡಿ ಕೆಳಗಿನ ಕಿರುಬೆರಳಗಲದ ಸೀಳು ಮೇಲಿಂದ ಕಾಣುವುದು ಕಷ್ಟ. ಹಾಗಾಗಿ ಸರಿಯಾದ ದಾರಿಯಲ್ಲಿ ಹೋದವರೂ ಒಣ ಬೋರಿಗೆ ಬಂದು ಮುಟ್ಟಬಹುದು. ನಿಮ್ಮ ನಂಬಿಕೆಗೆ ಆಧಾರ ಇತ್ತು, ಆದರೆ ಅದು ಸುಳ್ಳಾಯಿತು. ಸುಳ್ಳಾಯಿತು ಅಂದ ತಕ್ಷಣ ಆಧಾರವೇ ಇರಲಿಲ್ಲ ಅಂದುಕೊಳ್ಳುವುದು ಜನ ಮಾಡುವ ದೊಡ್ಡ ಎಡವಟ್ಟು. ಮೋಡ ಕಟ್ಟಿದೆ ಅಂತ ಛತ್ರಿ ತೆಗೆದುಕೊಂಡು ಹೋದವನು ಮಳೆ ಬರದಿದ್ದರೆ ಪೆದ್ದನಾಗುವುದಿಲ್ಲ.

ಈಗ ಇದರ ಉಲ್ಟಾ ನೋಡಿ. ಭಾವನ ನಂಬಿಕೆ ನಿಜವಾಯಿತು. ನಿಜವಾದ ಮಾತ್ರಕ್ಕೆ ಆಧಾರ ಇತ್ತು ಅಂತ ಹೇಳಬಹುದಾ? ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಯಾಯ್ತು ಅನ್ನುತ್ತೇವಲ್ಲ, ಆ ಗಾದೆ ಇರುವುದೇ ಈ ಅನುಮಾನಕ್ಕೆ. ಗ್ರೀಕರ ಪ್ಲೇಟೋ ಇದನ್ನು ದಾರಿಯ ಉದಾಹರಣೆಯಿಂದ ಕೇಳುತ್ತಾನೆ. ಲಾರಿಸ್ಸಾ ಅನ್ನುವ ಊರಿಗೆ ದಾರಿ ಗೊತ್ತಿರುವವನು ತಲುಪುತ್ತಾನೆ. ದಾರಿ ಗೊತ್ತಿಲ್ಲದೆ ಸರಿಯಾಗಿ ಊಹಿಸಿದವನೂ ತಲುಪುತ್ತಾನೆ. ಇಬ್ಬರೂ ಒಂದೇ ಊರಿನಲ್ಲಿದ್ದಾರೆ, ಹಾಗಾದರೆ ಗೊತ್ತಿರುವುದರಿಂದ ಏನು ಜಾಸ್ತಿ ಬಂತು? ಅವನ ಉತ್ತರ ನನಗೆ ಬಹಳ ಇಷ್ಟ. ಸರಿಯಾದ ಊಹೆ ಕಟ್ಟದೆ ಬಿಟ್ಟ ದನದ ಹಾಗೆ ಎದ್ದು ಹೋಗಿಬಿಡುತ್ತದೆ, ಕಾರಣ ಅನ್ನುವ ಹಗ್ಗ ಹಾಕಿ ಕಟ್ಟಿದರೆ ಮಾತ್ರ ನಿಲ್ಲುತ್ತದೆ. (ದನ ನನ್ನದು. ಅವನು ಹೇಳಿದ್ದು ಓಡಿಹೋಗುವ ಮೂರ್ತಿಗಳ ಕಥೆ.) ಭಾವನ ಊಹೆ ಮೊದಲನೇ ಬೋರಿನಲ್ಲಿ ನಿಂತಿದೆ. ಹಗ್ಗ ಇದೆಯೋ ಇಲ್ಲವೋ ಅಂತ ಎರಡನೇ ಬೋರು ಹೇಳುತ್ತದೆ, ಹತ್ತನೆಯದು ಇನ್ನೂ ಚೆನ್ನಾಗಿ ಹೇಳುತ್ತದೆ.

ಹಾಗಾದರೆ ನಂಬಿಕೆ ಇರಬೇಕು, ಅದು ನಿಜ ಇರಬೇಕು, ಅದಕ್ಕೆ ಆಧಾರ ಇರಬೇಕು, ಈ ಮೂರೂ ಸೇರಿದರೆ ಗೊತ್ತಿದೆ ಅನ್ನಬಹುದು. ತುಂಬಾ ಕಾಲ ತುಂಬಾ ಜನಕ್ಕೆ ಇದು ಸಾಕಾಗಿತ್ತು. 1963ರಲ್ಲಿ ಎಡ್ಮಂಡ್ ಗೆಟಿಯರ್ ಅನ್ನುವ ಅಮೆರಿಕದ ಮೇಷ್ಟ್ರು ಬರೀ ಮೂರು ಪುಟ ಬರೆದು ಇದೂ ಸಾಲದು ಅಂತ ತೋರಿಸಿಬಿಟ್ಟರು. ಮೂರೂ ಇದ್ದೂ ಅದು ಅದೃಷ್ಟವೇ ಆಗಿರಬಹುದು. ನಿಂತುಹೋದ ಗಡಿಯಾರದ ಉದಾಹರಣೆ ಅವರಿಗಿಂತ ಮುಂಚೆ ಬರ್ಟ್ರಂಡ್ ರಸೆಲ್ ಕೊಟ್ಟಿದ್ದರು: ಗಡಿಯಾರ ನಿಂತಿದೆ ಅಂತ ಗೊತ್ತಿಲ್ಲದೆ ಅದನ್ನು ನೋಡುತ್ತೀರಿ, ನೀವು ನೋಡಿದ ಹೊತ್ತಿಗೆ ಸರಿಯಾಗಿ ಅದೇ ಸಮಯ ಆಗಿರುತ್ತದೆ.

ಆದರೆ ನಿಮ್ಮ ತೋಟಕ್ಕೆ ಅಚ್ಚುಕಟ್ಟಾಗಿ ಹೊಂದುವ ಉದಾಹರಣೆ ನಮ್ಮಲ್ಲೇ ಇದೆ, ಅದೂ ಸಾವಿರದಿನ್ನೂರು ವರ್ಷ ಹಿಂದಿನದು. ಎಂಟನೇ ಶತಮಾನದ ಬೌದ್ಧ ಪಂಡಿತ ಧರ್ಮೋತ್ತರ ಕೊಟ್ಟದ್ದು. ಬಾಯಾರಿದವನೊಬ್ಬ ದೂರದಲ್ಲಿ ನೀರು ಕಂಡು ಓಡುತ್ತಾನೆ. ಅವನು ಕಂಡದ್ದು ಬಿಸಿಲ್ಗುದುರೆ. ಆದರೆ ಹೋಗಿ ನೋಡಿದರೆ ಆ ಜಾಗದಲ್ಲೇ ಬಂಡೆಯ ಮರೆಯಲ್ಲಿ ನಿಜವಾದ ನೀರಿದೆ! ಕುಡಿದ, ದಾಹ ತೀರಿತು. ಅವನಿಗೆ ಅಲ್ಲಿ ನೀರಿದೆ ಅಂತ ಗೊತ್ತಿತ್ತಾ? ಧರ್ಮೋತ್ತರ ಇಲ್ಲ ಅನ್ನುತ್ತಾನೆ. ಅವನು ಕಂಡದ್ದು ಒಂದು, ಸಿಕ್ಕಿದ್ದು ಇನ್ನೊಂದು. ಕಂಡದ್ದಕ್ಕೂ ಸಿಕ್ಕಿದ್ದಕ್ಕೂ ನಂಟು ಇರಲಿಲ್ಲ. ಇನ್ನೊಂದನ್ನೂ ಹೇಳುತ್ತಾನೆ: ಮಾಂಸ ಸುಡಲು ಆಗ ತಾನೇ ಬೆಂಕಿ ಹಚ್ಚಿದ್ದಾರೆ, ಇನ್ನೂ ಹೊಗೆ ಎದ್ದಿಲ್ಲ. ಮಾಂಸದ ವಾಸನೆಗೆ ನೊಣಗಳು ಮುತ್ತಿವೆ. ದೂರದಿಂದ ಆ ನೊಣದ ಹಿಂಡನ್ನು ಹೊಗೆ ಅಂದುಕೊಂಡವನು "ಅಲ್ಲಿ ಬೆಂಕಿ ಇದೆ" ಅನ್ನುತ್ತಾನೆ. ಬೆಂಕಿ ಇದೆ, ನಿಜ. ಆದರೆ ಗೊತ್ತಾಯಿತು ಅನ್ನಬಹುದಾ?

ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿಕೊಳ್ಳಿ. ನೀರು ಬಂತಾ ಅಂತ ಕೇಳಬೇಡಿ, ಬಂತು, ಮುಗಿಯಿತು. ಕಾಯಿ ಏಳುವುದಕ್ಕೂ ಕೆಳಗೆ ನೀರಿರುವುದಕ್ಕೂ ನಂಟು ಇದೆಯಾ ಅಂತ ಕೇಳಿ.

ನಂಟನ್ನು ಪತ್ತೆ ಮಾಡುವುದಕ್ಕೆ ನಮ್ಮ ನ್ಯಾಯಶಾಸ್ತ್ರದವರ (ಕೋರ್ಟಿನ ನ್ಯಾಯ ಅಲ್ಲ, ನಮ್ಮ ಹಳೇ ತರ್ಕಶಾಸ್ತ್ರ) ದಾರಿ ಎಲ್ಲರಿಗೂ ಅರ್ಥವಾಗುವಂಥದ್ದು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇದೆಯಾ, ಇದು ಅನ್ವಯ. ಬೆಂಕಿ ಇಲ್ಲದ ಕಡೆ ಹೊಗೆಯೂ ಇಲ್ಲವಾ, ಇದು ವ್ಯತಿರೇಕ. ಎರಡೂ ನೋಡಬೇಕು. ಈಗ ನಿಮ್ಮೂರಿನ ಲೆಕ್ಕ ತೆಗೆಯಿರಿ. ಕಾಯಿ ಎದ್ದ ಕಡೆ ಕೊರೆಸಿದವರು ಇದ್ದಾರೆ. ಕಾಯಿ ಮಲಗಿದ್ದ ಕಡೆ ಕೊರೆಸಿದವರು ಯಾರಾದರೂ ಇದ್ದಾರಾ? ಇಲ್ಲ, ಯಾರು ತಾನೇ ಲಕ್ಷಗಟ್ಟಲೆ ಸುರಿದು ಹಾಗೆ ಮಾಡುತ್ತಾರೆ! ಅಂದರೆ ಅರ್ಧ ಪರೀಕ್ಷೆ ಇವತ್ತಿನವರೆಗೂ ನಡೆದೇ ಇಲ್ಲ. ನೀರಿನ ಸೀಳು ಹರಡಿಕೊಂಡಿರುವ ತೋಟದಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದ ಕಡೆ ಕೊರೆದರೂ ಒಂದಿಷ್ಟು ಸಲ ನೀರು ಬರುತ್ತದೆ. ಕಾಯಿ ಅದಕ್ಕಿಂತ ಎಷ್ಟು ಜಾಸ್ತಿ ಸಲ ಸರಿ ಹೇಳುತ್ತದೆ ಅನ್ನುವುದು ಗೊತ್ತಾಗದೆ ಕಾಯಿಯ ಬಗ್ಗೆ ಏನೂ ಗೊತ್ತಾದ ಹಾಗಲ್ಲ. ಇನ್ನು ಅರ್ಧದಲ್ಲೂ ಒಂದು ತೂತಿದೆ: ಕಾಯಿ ಎದ್ದೂ ಬೋರು ಫೇಲಾದ ಮನೆಯವರು ಊರೆಲ್ಲ ಹೇಳಿಕೊಂಡು ತಿರುಗುವುದಿಲ್ಲ. ಸಾಲ ತೀರಿಸುತ್ತಾ ಸುಮ್ಮನಿರುತ್ತಾರೆ.

ನಾನೇ ಒಮ್ಮೆ ಹಿಡಿದು ನೋಡಿದ್ದೇನೆ. ಸಹೋದ್ಯೋಗಿಯೊಬ್ಬರ ತೋಟದಲ್ಲಿ, ಮಧ್ಯಾಹ್ನದ ಊಟ ಮುಗಿಸಿ. ಅಂಗೈ ಅಗಲಿಸಿ, ಜುಟ್ಟು ಬೆರಳ ಕಡೆ ಬರುವಂತೆ ಕಾಯಿ ಮಲಗಿಸಿಕೊಂಡು, ಮೊಣಕೈ ಹೊಟ್ಟೆಗೆ ಒತ್ತಿ ನಿಧಾನ ಹೆಜ್ಜೆ ಹಾಕಿದೆ. ಬೇವಿನ ಮರ ದಾಟಿದ ಮೇಲೆ ಜುಟ್ಟು ಮೆಲ್ಲಗೆ ಮೇಲಕ್ಕೆ ಎದ್ದಿತು. ನಾನು ಎತ್ತಲಿಲ್ಲ ಅಂತ ದೇವರ ಮೇಲೆ ಆಣೆ ಮಾಡಲು ತಯಾರಿದ್ದೆ, ಮೈ ಜುಮ್ಮೆಂದಿತು. ಆಮೇಲೆ ಅವರ ಮಗಳು ನನ್ನ ಕಣ್ಣಿಗೆ ಟವೆಲ್ ಕಟ್ಟಿ, ಎರಡು ಸುತ್ತು ತಿರುಗಿಸಿ, ಅದೇ ಸಾಲಿನಲ್ಲಿ ಕೈ ಹಿಡಿದು ನಡೆಸಿದಳು. ಕಾಯಿ ಮತ್ತೆ ಎದ್ದಿತು, ಮೂರು ಸಲ, ಮೂರು ಬೇರೆ ಬೇರೆ ಜಾಗದಲ್ಲಿ. ಬೇವಿನ ಮರದ ಹತ್ತಿರ ಒಮ್ಮೆಯೂ ಇಲ್ಲ.

ಇದರಲ್ಲಿ ಮೋಸ ಇಲ್ಲ. ಮನಸ್ಸು ನಿರೀಕ್ಷಿಸಿದ್ದನ್ನು ಸ್ನಾಯುಗಳು ನಮಗೆ ತಿಳಿಸದೆಯೇ ಮಾಡಿಬಿಡುತ್ತವೆ, ಅಂಗೈ ಒಂಚೂರು ವಾಲಿದರೆ ದುಂಡನೆಯ ಕಾಯಿಗೆ ಅಷ್ಟು ಸಾಕು. ವಿಲಿಯಂ ಕಾರ್ಪೆಂಟರ್ ಅನ್ನುವ ಇಂಗ್ಲೆಂಡಿನ ವೈದ್ಯರು 1852ರಲ್ಲೇ ಇದಕ್ಕೆ ಐಡಿಯೊಮೋಟರ್ ಅಂತ ಹೆಸರಿಟ್ಟರು. ಹಾಗಾಗಿ ನೀರು ನೋಡುವವರನ್ನು ಕಳ್ಳ ಅಂತ ಕರೆಯಬೇಡಿ. ತಮ್ಮ ಕೈಯಲ್ಲಿ ಕಾಯಿ ತಾನಾಗಿ ಏಳುತ್ತದೆ ಅಂತ ಅವರು ಹೇಳುವಾಗ ಅವರಿಗೆ ಅನ್ನಿಸಿದ್ದನ್ನೇ ಹೇಳುತ್ತಿರುತ್ತಾರೆ.

ಇಲ್ಲಿ ಭಾವನ ಪರವಾಗಿ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ನಾನು ಅನ್ಯಾಯ ಮಾಡಿದ ಹಾಗೆ. ಕಾರಣ ಹೇಳಲು ಬರದಿದ್ದರೆ ಗೊತ್ತಿಲ್ಲ ಅಂತ ಅರ್ಥ ಅಂದುಕೊಂಡಿದ್ದೀರಿ, ನೀವೂ ನಾಲ್ಕನೇ ಪ್ರಶ್ನೆಗೆ ಸೋತದ್ದು ಅದೇ ಕಾರಣಕ್ಕೆ. ಅದು ಸರಿಯಲ್ಲ. ನಮ್ಮ ಅಮ್ಮ ಅಂಗಡಿಯಲ್ಲಿ ತೆಂಗಿನಕಾಯಿಯನ್ನು ಬೆರಳಿನಿಂದ ತಟ್ಟಿ, ಕಿವಿ ಹತ್ತಿರ ಅಲ್ಲಾಡಿಸಿ "ಇದು ಬೇಡ, ಕೊಳೆತಿದೆ" ಅನ್ನುತ್ತಿದ್ದರು. ಹೇಗೆ ಅಂದರೆ "ಸದ್ದು ಗೊತ್ತಾಗುತ್ತೆ" ಅನ್ನುವುದಷ್ಟೇ ಉತ್ತರ. ಒಡೆದು ನೋಡಿದಾಗ ತಪ್ಪಿದ್ದು ನನಗೆ ನೆನಪಿಲ್ಲ. ಆಲ್ವಿನ್ ಗೋಲ್ಡ್‌ಮನ್ ಅನ್ನುವ ತತ್ವಜ್ಞಾನಿ 1979ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಮುಂದಿಟ್ಟರು. ನಂಬಿಕೆ ಹುಟ್ಟಿದ ದಾರಿ ಸಾಮಾನ್ಯವಾಗಿ ಸರಿಯಾದ ಕಡೆಗೇ ಕರೆದುಕೊಂಡು ಹೋಗುವಂಥದ್ದಾದರೆ ಆ ನಂಬಿಕೆಗೆ ಆಧಾರ ಇದೆ, ನಂಬಿದವನು ಅದನ್ನು ವಿವರಿಸಬಲ್ಲನೋ ಇಲ್ಲವೋ ಅನ್ನುವುದು ಬೇರೆ ಮಾತು. ಇಲ್ಲದಿದ್ದರೆ ಮೂರು ವರ್ಷದ ಮಗುವಿಗೆ ತನ್ನ ಅಮ್ಮ ಯಾರು ಅಂತ ಗೊತ್ತಿಲ್ಲ ಅನ್ನಬೇಕಾಗುತ್ತದೆ.

ಹಾಗೆ ನೋಡಿದರೆ ಆ ನೀರು ನೋಡುವವರಿಗೂ ಏನೋ ಗೊತ್ತಿರಬಹುದು. ಮೂವತ್ತು ವರ್ಷ ತೋಟ ತೋಟ ಸುತ್ತಿದವರು ಹಳ್ಳದ ಜಾಡು, ಬಂಡೆ ಸೀಳಿದ ದಿಕ್ಕು, ಬೇಸಿಗೆಯಲ್ಲೂ ಹಸಿರಾಗಿರುವ ಮರ, ಹುತ್ತ, ಎಲ್ಲವನ್ನೂ ಕಣ್ಣಂಚಿನಲ್ಲಿ ನೋಡಿರುತ್ತಾರೆ. ಆರನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ನೆಲದಡಿಯ ನೀರಿಗೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ, ಯಾವ ಮರದ ಯಾವ ದಿಕ್ಕಿಗೆ ಹುತ್ತ ಇದ್ದರೆ ಎಷ್ಟು ಆಳಕ್ಕೆ ನೀರು ಅಂತ ಆಳ ಸಮೇತ. ಅವೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಅವು ಹೋಗಿ ಅಗೆದು ನೋಡಬಹುದಾದ ಮಾತುಗಳು. ಕಾಯಿ ಎದ್ದದ್ದು ಬರೀ ಅವರ ಅನುಭವಕ್ಕೆ ಕೈ ಕೊಟ್ಟ ಸನ್ನೆ ಆಗಿದ್ದರೆ? ಆಗ ಗೊತ್ತಿದ್ದದ್ದು ಮನುಷ್ಯನಿಗೆ, ಕಾಯಿಗಲ್ಲ. ಇದನ್ನು ಬೇರ್ಪಡಿಸಬಹುದು. ಅನುಭವ ಕಣ್ಣಿನಿಂದ ಬರುತ್ತದೆ, ಕಣ್ಣು ಕಟ್ಟಿದರೆ ಅದು ಹೋಗುತ್ತದೆ. ಕಾಯಿಯ ಶಕ್ತಿ ಕಣ್ಣು ಕಟ್ಟಿದರೆ ಹೋಗಬಾರದು, ಅಲ್ವಾ?

ಇಂಥದ್ದನ್ನು ದೊಡ್ಡ ಮಟ್ಟದಲ್ಲಿ ಜರ್ಮನಿಯವರು ಮಾಡಿದ್ದಾರೆ. 1987-88ರಲ್ಲಿ ಮ್ಯೂನಿಕ್ ಬಳಿಯ ಎರಡಂತಸ್ತಿನ ಒಂದು ಕೊಟ್ಟಿಗೆಯಲ್ಲಿ. ಕೆಳಗೆ ನೀರಿನ ಪೈಪನ್ನು ಅತ್ತಿತ್ತ ಸರಿಸುವುದು, ಮೇಲಿನ ಮಹಡಿಯಲ್ಲಿ ಕಾಯಿಯ ಬದಲು ಕಡ್ಡಿ ಹಿಡಿದು ನೀರು ನೋಡುವವರು ಅದು ಎಲ್ಲಿದೆ ಅಂತ ಹೇಳುವುದು. ಸುಮಾರು 500 ಜನರಲ್ಲಿ ಒಳ್ಳೆಯವರು ಅನ್ನಿಸಿದ 43 ಜನರನ್ನು ಆರಿಸಿ 843 ಸಲ ನೋಡಿದರು. ಹೆಚ್ಚಿನವರು ಸುಮ್ನೆ ಊಹಿಸಿದವರಿಗಿಂತ ಮೇಲಿರಲಿಲ್ಲ. ಪರೀಕ್ಷೆ ಮಾಡಿದವರು "ಕೆಲವರಿಗೆ ಮಾತ್ರ ನಿಜವಾದ ಶಕ್ತಿ ಇದೆ" ಅಂತ ಬರೆದುಕೊಂಡರು. ಆಮೇಲೆ ಅಮೆರಿಕದ ಇನ್ನೊಬ್ಬ ವಿಜ್ಞಾನಿ ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ, ಆ ಕೆಲವರದ್ದೂ ಅದೃಷ್ಟದ ಮಟ್ಟವನ್ನು ದಾಟುವುದಿಲ್ಲ ಅಂತ ತೋರಿಸಿದರು. ಈ ಜಗಳವೇ ನನಗೆ ಇಷ್ಟವಾಗುವುದು, ಯಾಕೆಂದರೆ ಅಂಕಿಗಳನ್ನು ಬರೆದಿಟ್ಟಿದ್ದಕ್ಕೇ ಜಗಳ ಆಡಲು ಸಾಧ್ಯವಾಯಿತು.

ಇನ್ನು ನಾಲ್ಕನೇ ಪ್ರಶ್ನೆಗೆ ಬರೋಣ. ಯಾಕೆ, ಯಾಕೆ ಅಂತ ಕೇಳುತ್ತಾ ಹೋದರೆ ಮೂರೇ ದಾರಿ. ಒಂದೋ ಕಾರಣಗಳು ಮುಗಿಯದೆ ಹೋಗುತ್ತಲೇ ಇರಬೇಕು. ಇಲ್ಲ, ಸುತ್ತಿ ಸುತ್ತಿ ಮೊದಲಿಗೇ ಬರಬೇಕು. ಇಲ್ಲ, ಎಲ್ಲೋ ಒಂದು ಕಡೆ "ಅಷ್ಟೇ" ಅಂತ ನಿಲ್ಲಬೇಕು. ಗ್ರೀಕರಲ್ಲಿ ಇದಕ್ಕೆ ಅಗ್ರಿಪ್ಪ ಅನ್ನುವ ಸಂಶಯವಾದಿಯ ಹೆಸರಿದೆ, ನಮ್ಮಲ್ಲಿ ಬೌದ್ಧ ಪಂಡಿತ ನಾಗಾರ್ಜುನ ಪ್ರಮಾಣಗಳ (ಅಂದರೆ ತಿಳಿಯುವ ಸಾಧನಗಳ) ಮೇಲೆ ಇದೇ ಪ್ರಶ್ನೆ ಎಸೆದ: ಎಲ್ಲವನ್ನೂ ಪ್ರಮಾಣದಿಂದ ಸಾಧಿಸುತ್ತೀರಿ, ಆ ಪ್ರಮಾಣವನ್ನು ಯಾವುದರಿಂದ ಸಾಧಿಸುತ್ತೀರಿ?

ನ್ಯಾಯಸೂತ್ರದಲ್ಲಿ ಒಂದು ಸಣ್ಣ ಉತ್ತರ ಇದೆ, ತಕ್ಕಡಿಯದ್ದು. ಇಪ್ಪತ್ತಾರು ವರ್ಷದಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ತಕ್ಕಡಿಯಿಂದ ಚಿನ್ನ ತೂಗುತ್ತೇವೆ. ತಕ್ಕಡಿಯ ಮೇಲೆ ಅನುಮಾನ ಬಂದರೆ? ತೂಕ ಗೊತ್ತಿರುವ ಚಿನ್ನ ಇಟ್ಟು ತಕ್ಕಡಿಯನ್ನೇ ನೋಡುತ್ತೇವೆ. ಅಳೆಯುವುದೂ ಒಮ್ಮೊಮ್ಮೆ ಅಳತೆಗೆ ಒಳಗಾಗುತ್ತದೆ. ಎಲ್ಲವನ್ನೂ ಒಂದೇ ಸಲಕ್ಕೆ ಅನುಮಾನಿಸಿದರೆ ಯಾವುದನ್ನೂ ನೋಡಲಾಗುವುದಿಲ್ಲ. ಆದರೆ ಯಾವುದನ್ನು ಬೇಕಾದರೂ ಅದರ ಸರದಿ ಬಂದಾಗ ನೋಡಬಹುದು.

ಸಂತೆಗೆ ಹೋಗಿ ನೋಡಿ. ಒಂದು ಕೆಜಿ ಕಲ್ಲು ಒಂದು ಕೆಜಿ ಅಂತ ಹೇಗೆ ಗೊತ್ತು? ಇಲಾಖೆಯವರ ಮುದ್ರೆ ಇದೆ. ಅವರಿಗೆ ಹೇಗೆ ಗೊತ್ತು? ಅವರ ಹತ್ತಿರದ ಮಾದರಿ ತೂಕಕ್ಕೆ ಹೋಲಿಸಿದ್ದಾರೆ. ಅದಕ್ಕೆ? ಹೀಗೆ ಮೇಲೆ ಹೋಗುತ್ತಾ ಹೋದರೆ 2019ರ ಮೇ 20ರವರೆಗೆ ಪ್ಯಾರಿಸ್ ಬಳಿ ಇಟ್ಟಿದ್ದ ಒಂದು ಲೋಹದ ಉರುಳೆಗೆ ಹೋಗಿ ಮುಟ್ಟುತ್ತಿದ್ದೆವು. ಅದು ಒಂದು ಕೆಜಿ ಯಾಕೆ ಅಂದರೆ, ಅದನ್ನೇ ಕೆಜಿ ಅಂತ ಇಟ್ಟುಕೊಂಡಿದ್ದೆವು, ಅಷ್ಟೇ. ಅದರ ತದ್ರೂಪುಗಳ ಜೊತೆ ಹೋಲಿಸಿದಾಗ ಒಂಚೂರು ವ್ಯತ್ಯಾಸ ಕಾಣಿಸತೊಡಗಿತು, ಈಗ ಪ್ಲಾಂಕ್ ಸ್ಥಿರಾಂಕ ಅನ್ನುವ, ಭೌತಶಾಸ್ತ್ರದ ಬದಲಾಗದ ಒಂದು ಸಂಖ್ಯೆಗೆ ಕಟ್ಟಿದ್ದಾರೆ. ಸರಪಳಿ ಅಲ್ಲೂ ನಿಲ್ಲುತ್ತದೆ. ಆದರೆ ಸರಪಳಿ ನಿಲ್ಲುತ್ತದೆ ಅಂತ ಅಂಗಡಿಯವನು ಕೆಜಿ ಬದಲು ಹೊಲದ ಕಲ್ಲು ಇಟ್ಟು "ಎರಡೂ ನಂಬಿಕೆನೇ" ಅಂದರೆ ನಿಮ್ಮ ಭಾವ ಬಿಡುತ್ತಾರಾ? ಅಡಿಕೆ ತೂಗುವಾಗ?

ಭಾವನ ಮಾತಿನಲ್ಲಿರುವ ಗಂಟು "ನಂಬಿಕೆ" ಅನ್ನುವ ಪದದ್ದು. ಕನ್ನಡದಲ್ಲಿ ಈ ಒಂದೇ ಪದ ಮೂರು ಕೆಲಸ ಮಾಡುತ್ತದೆ. ದೇವರ ಮೇಲಿನ ನಂಬಿಕೆ, ಸಾಲ ಕೊಟ್ಟ ಗೆಳೆಯನ ಮೇಲಿನ ನಂಬಿಕೆ, ನಾಳೆ ಕರೆಂಟು ಬರುತ್ತದೆ ಅನ್ನುವ ನಂಬಿಕೆ. ಮಷಿನ್ ಮೇಲಿನದ್ದು ಮೂರನೇ ಥರದ್ದು, ಕಾಯಿಯದ್ದು ಮೊದಲನೆಯದರ ಪಕ್ಕದ್ದು. ಭಾವ ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಅಲ್ಲಾಡಿಸಿಬಿಟ್ಟರು. ಇನ್ನೊಂದು ಮಜಾ ನೋಡಿ. "ನಾನು ನಂಬುತ್ತೇನೆ" ಅನ್ನುತ್ತೇವೆ, ಆದರೆ "ನಾನು ಗೊತ್ತು" ಅನ್ನುವುದಿಲ್ಲ, "ನನಗೆ ಗೊತ್ತು" ಅನ್ನುತ್ತೇವೆ. ನಂಬುವುದು ನಾನು ಮಾಡುವ ಕೆಲಸ, ಗೊತ್ತಾಗುವುದು ಹಸಿವು, ಚಳಿಯ ಹಾಗೆ ನನಗೆ ಬಂದು ತಾಗುವುದು. ವ್ಯಾಕರಣದಿಂದ ತತ್ವಶಾಸ್ತ್ರ ಸಾಧಿಸಬಾರದು ಅಂತ ನನ್ನ ಗುರುಗಳು ಬೈಯುತ್ತಿದ್ದರು, ಆದರೂ ಹೇಳಿಬಿಟ್ಟೆ.

ಅನುಮಾನ ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಪಂಡಿತರು ಒಂದೇ ಉತ್ತರ ಕೊಟ್ಟಿಲ್ಲ. ಫ್ರಾನ್ಸಿನ ಡೆಕಾರ್ಟ್ 1641ರಲ್ಲಿ ಅನುಮಾನಿಸಲಾಗದ ಒಂದು ಅಡಿಪಾಯ ಹುಡುಕಿದ. ವಿಯೆನ್ನಾದ ಓಟೋ ನ್ಯೂರಾತ್ ಅಡಿಪಾಯವೇ ಇಲ್ಲ, ನಾವು ನಡುಸಮುದ್ರದಲ್ಲಿ ದೋಣಿಯೊಳಗೆ ಕೂತೇ ಅದರ ಹಲಗೆಗಳನ್ನು ಒಂದೊಂದಾಗಿ ರಿಪೇರಿ ಮಾಡುವವರು ಅಂದ. ನಮ್ಮ ಉಡುಪಿಯ ಮಧ್ವಾಚಾರ್ಯರದು ಇನ್ನೊಂದು ದಾರಿ. ಹದಿಮೂರನೇ ಶತಮಾನದವರು. ಮನಸ್ಸು ಎಡವಬಹುದು, ಅದಕ್ಕೇ ಪರೀಕ್ಷೆ ಬೇಕು, ಆದರೆ ಪರೀಕ್ಷೆಗೆ ಪರೀಕ್ಷೆ ಅಂತ ಹೋಗುತ್ತಾ ಕೂರುವಂತಿಲ್ಲ. ಒಳಗಿರುವ ಸಾಕ್ಷಿ ಒಪ್ಪಿದಲ್ಲಿ ಅದು ನಿಲ್ಲುತ್ತದೆ. ಹೊಟ್ಟೆ ನೋಯುತ್ತಿದೆಯೋ ಇಲ್ಲವೋ ಅಂತ ಯಾರೂ ಎರಡನೇ ಅಭಿಪ್ರಾಯ ಕೇಳುವುದಿಲ್ಲ, ಯಾಕೆ ನೋಯುತ್ತಿದೆ ಅಂತ ಮಾತ್ರ ಕೇಳುತ್ತಾರೆ. ಮಧ್ವರ ಗ್ರಂಥಗಳಿಗೆ ಟೀಕೆ ಬರೆದ ಜಯತೀರ್ಥರು ಇದನ್ನು ಬಿಡಿಸಿ ಬಿಡಿಸಿ ವಿವರಿಸಿದ್ದಾರೆ. ಜ್ಞಾನ ಹುಟ್ಟುವಾಗ ಸರಿಯಾಗಿಯೇ ಹುಟ್ಟುತ್ತದೆ, ತಪ್ಪಾಗಬೇಕಾದರೆ ಹೊರಗಿನ ದೋಷ ಬೇಕು ಅನ್ನುವುದು ಅವರ ಪಕ್ಷ. ನೈಯಾಯಿಕರದು, ಅಂದರೆ ನ್ಯಾಯಶಾಸ್ತ್ರದವರದು, ಉಲ್ಟಾ: ಸರಿ ಅನ್ನುವುದೂ ಹೊರಗಿನಿಂದಲೇ ಖಾತ್ರಿಯಾಗಬೇಕು, ನೀರು ಅಂತ ಹೋದೆ, ಕುಡಿದೆ, ದಾಹ ತೀರಿತು, ಆಗ ಸರಿ. ಇವರಿಬ್ಬರ ಜಗಳ ಶತಮಾನಗಟ್ಟಲೆ ನಡೆಯಿತು, ಇಲ್ಲಿ ಮುಗಿಸಲು ಆಗುವುದಿಲ್ಲ.

ನಿಮಗೆ ಕೈಗೆ ಬರುವಂಥದ್ದು ನ್ಯಾಯಶಾಸ್ತ್ರದ ಉದಯನಾಚಾರ್ಯರದು, ಆಮೇಲೆ ಮಿಥಿಲೆಯ ಗಂಗೇಶ ಅದನ್ನು ಬೆಳೆಸಿದ. ನಿಮ್ಮ ನಡತೆಗೇ ಅಡ್ಡ ಬರುವ ತನಕ ಮಾತ್ರ ಅನುಮಾನ. ಹಸಿವಾದಾಗ ತಪ್ಪದೆ ಊಟಕ್ಕೆ ಕೂರುವವನು "ಊಟದಿಂದ ಹಸಿವು ಹೋಗುತ್ತದಾ, ಯಾರಿಗೆ ಗೊತ್ತು" ಅಂದರೆ ಅದು ಬಾಯಿಯ ಅನುಮಾನ, ಹೊಟ್ಟೆಯದ್ದಲ್ಲ. ನಿಮ್ಮ ಭಾವನ "ಎಲ್ಲವೂ ನಂಬಿಕೆನೇ" ಇದೇ ಜಾತಿಯದ್ದು. ಮೋಟರ್ ಸುಟ್ಟುಹೋದರೆ ಅವರು ವೈಂಡಿಂಗ್ ಮಾಡುವವನ ಹತ್ತಿರ ಹೋಗುತ್ತಾರೆ, ಕಾಯಿ ಇಟ್ಟು ನೋಡುವುದಿಲ್ಲ.

ಈಗ ದುಡ್ಡಿನ ಮಾತು. ಭೂವಿಜ್ಞಾನಿಯನ್ನೇ ಮತ್ತೆ ಕರೆಸಬಹುದು, ಮತ್ತೆ ಫೇಲ್ ಆಗಬಹುದು, ಮನೆಯಲ್ಲಿ ನಿಮ್ಮ ಮಾತಿಗೆ ಬೆಲೆ ಇನ್ನಷ್ಟು ಇಳಿಯಬಹುದು. ಆದರೆ ಮೊದಲ ಎರಡು ಬೋರಿನಲ್ಲಿ ಎಷ್ಟನೇ ಅಡಿಗೆ ಎಂಥ ಕಲ್ಲು ಬಂತು ಅನ್ನುವ ವಿವರ ಕೊಟ್ಟರೆ ಈ ಸಲ ಅವರ ಕೆಲಸ ಸುಲಭವಾಗುತ್ತದೆ. ರಿಗ್ ಲಾರಿಯವರನ್ನು ಕೇಳಿ, ಅವರಿಗೆ ನೆನಪಿರುತ್ತದೆ. ಮಷಿನ್ ತಪ್ಪಿದರೆ ಯಾಕೆ ತಪ್ಪಿತು ಅಂತ ಕೇಳಬಹುದು, ಮುಂದಿನ ಸಲ ತಿದ್ದಿಕೊಳ್ಳಬಹುದು. ಕಾಯಿ ತಪ್ಪಿದರೆ ಸಿಗುವ ಉತ್ತರ "ಘಳಿಗೆ ಸರಿಯಿರಲಿಲ್ಲ", ಅದರಿಂದ ಮುಂದಿನ ಬೋರಿಗೆ ಕಲಿಯುವುದಕ್ಕೆ ಏನೂ ಇಲ್ಲ. ನನಗೆ ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ಇದೇ. ಒಂದೇ ಒಂದು ಗೆಲುವಿನ ಮೇಲೆ ಮುಂದಿನ ಬೋರನ್ನು ಪೂರ್ತಿ ಕಾಯಿಗೆ ಬಿಡುವುದನ್ನು ನಾನಾದರೆ ಮಾಡುವುದಿಲ್ಲ.

ಇಬ್ಬರನ್ನೂ ಬೇರೆ ಬೇರೆ ದಿನ ಕರೆಸಿ, ಒಬ್ಬರ ಪಾಯಿಂಟ್ ಇನ್ನೊಬ್ಬರಿಗೆ ಹೇಳದೆ, ಎರಡೂ ಒಂದೇ ಕಡೆ ಬಂದರೆ ಅಲ್ಲಿ ಕೊರೆಸುವುದು ತುಂಬಾ ಜನ ಮಾಡುವ ಉಪಾಯ. ಮನೆಯ ಶಾಂತಿಗೆ ಒಳ್ಳೆಯದು. ಆದರೆ ನೀರು ಬಂದರೆ ಹೆಸರು ಯಾರಿಗೆ ಹೋಗುತ್ತದೆ ಅಂತ ನಿಮಗೇ ಗೊತ್ತು, ವರ್ಷ ಕಳೆದ ಮೇಲೆ ಮತ್ತೆ ನನಗೆ ಪತ್ರ ಬರೆಯುತ್ತೀರಿ.

ಕೊರೆಸುವುದಕ್ಕೆ ಮುಂಚೆ ಖರ್ಚಿಲ್ಲದ ಎರಡು ಕೆಲಸ ಇವೆ. ಆ ಕಾಯಿಯವರು ಕಳೆದ ಮೂರು ವರ್ಷದಲ್ಲಿ ಸುತ್ತಮುತ್ತ ತೋರಿಸಿದ ಪಾಯಿಂಟ್‌ಗಳ ಪಟ್ಟಿಯನ್ನು ಮನೆ ಮನೆಗೆ ಹೋಗಿ ಬರೆದುಕೊಳ್ಳಿ, ಫೇಲ್ ಆದವರ ಮನೆಗೆ ಮೊದಲು ಹೋಗಿ. ಭೂವಿಜ್ಞಾನಿಯದ್ದೂ ಹಾಗೇ ಮಾಡಿ, ಪಕ್ಷಪಾತ ಬೇಡ. ಎರಡನೆಯದು ಕಣ್ಣು ಕಟ್ಟುವ ಪರೀಕ್ಷೆ. ಇದರಲ್ಲಿ ಅಪಾಯ ಇದೆ: ಅವರಿಗೆ ಅವಮಾನ ಅನ್ನಿಸಬಹುದು, ಭಾವ ಮಾತು ಬಿಡಬಹುದು, ಅಕ್ಕನಿಗೆ ಇಬ್ಬರ ನಡುವೆ ಕಷ್ಟವಾಗಬಹುದು. ಅದಕ್ಕೆ ಭಾವನನ್ನೇ ಮುಂದೆ ಬಿಡಿ. "ಎರಡನೇ ಪಾಯಿಂಟ್ ಖಾತ್ರಿ ಮಾಡಿಕೊಳ್ಳೋಣ ಭಾವ, ಎರಡು ಸಲ ನೋಡಿಸೋಣ" ಅನ್ನಿ, ಅದು ಸುಳ್ಳೂ ಅಲ್ಲ. ಮೊದಲ ಸುತ್ತಿನಲ್ಲಿ ಅವರು ಕಣ್ಣು ಬಿಟ್ಟೇ ತೋರಿಸಲಿ, ಕಾಯಿ ಎದ್ದ ಕಡೆ ಗೂಟ ನೆಡಿ. ಮಲಗಿದ್ದ ಕಡೆಯೂ ಅಷ್ಟೇ ಗೂಟ ನೆಡಿ, ಅದು ಮುಖ್ಯ. ಎರಡನೇ ಸುತ್ತಿಗೆ ಕಣ್ಣು ಕಟ್ಟಿ, ಬೇರೆ ದಿಕ್ಕಿನಿಂದ ನಡೆಸಿ. ಕೈ ಹಿಡಿದು ನಡೆಸುವವರಿಗೆ ಯಾವ ಗೂಟ ಯಾವುದು ಅಂತ ಗೊತ್ತಿರಬಾರದು, ಆದ್ದರಿಂದ ನೀವೂ ಬೇಡ, ಭಾವನೂ ಬೇಡ. ಉಸಿರು ಬಿಗಿಯಾದರೂ ಪಕ್ಕದವರಿಗೆ ತಿಳಿಯುತ್ತದೆ. ಹಿಂದಿನ ದಿನ ತೋಟಕ್ಕೆ ಬರದ ಹುಡುಗನನ್ನು ಯಾರನ್ನಾದರೂ ಕರೆಯಿರಿ. ಗೂಟಗಳಿಗೆ ತಾಗಿ ಎಡವುತ್ತಾರೆ, ಅದಕ್ಕೆ ಗೂಟ ಕಿತ್ತು ಅದೇ ಜಾಗದಲ್ಲಿ ಮಣ್ಣಿನಡಿ ಒಂದೊಂದು ಬಾಟಲಿ ಮುಚ್ಚಳ ಹೂತಿಡಿ. ಇಪ್ಪತ್ತು ಸಲವಾದರೂ ಆಗಲಿ, ಎದ್ದದ್ದನ್ನೂ ಮಲಗಿದ್ದನ್ನೂ ಆಗಲೇ ಬರೆದುಕೊಳ್ಳಿ, ಸಂಜೆ ನೆನಪಿನಿಂದ ಬರೆದರೆ ಲೆಕ್ಕ ಭಾವನ ಕಡೆಗೋ ನಿಮ್ಮ ಕಡೆಗೋ ವಾಲುತ್ತದೆ. ಆ ಹಾಳೆಯ ಫೋಟೊ ನನಗೂ ಒಂದು ಕಳಿಸಿ.